ಮೊಂತಿಗೆ ಬಂದದ್ದು, ನನಗೆ ಬಂದದ್ದು

ಸ್ನಾನ ಮಾಡುವಾಗ ಕೈಗೆ ಸಿಕ್ಕಿತು. ಎಡಕಿವಿಯ ಕೆಳಗೆ, ಕೊರಳಲ್ಲಿ, ಗೇರುಬೀಜದಷ್ಟು ಗಡ್ಡೆ. ನೋವಿಲ್ಲ. ನೋವಿಲ್ಲದ್ದೇ ಕೆಟ್ಟದ್ದು ಅಂತ ನಮ್ಮ ಕಡೆ ಹೇಳುತ್ತಾರೆ.

ಮಗಳ ಹೆರಿಗೆಗೆಂದು ಸೌದಿಯ ಖಮೀಸ್ ಮುಶೈತಿಗೆ ಬಂದವಳು ನಾನು. ಬಾಣಂತಿ ಮದ್ದಿನ ಕಟ್ಟನ್ನು ಇನ್ನೂ ಬಿಚ್ಚಿರಲಿಲ್ಲ. ಸಂಜೆಯಾದರೆ ಸಣ್ಣ ಜ್ವರ ಬರುತ್ತಿತ್ತು. ಗುಡ್ಡದ ಊರು, ಚಳಿಗೆ ಅಂತ ಸುಮ್ಮನಿದ್ದೆ. ಮಗಳು ಲಿಲ್ಲಿ ನರ್ಸ್. ಗಡ್ಡೆ ಮುಟ್ಟಿ ನೋಡಿದವಳೇ ತನ್ನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಈಜಿಪ್ಟಿನವರು. ಕೊರಳು ಒತ್ತಿ ನೋಡಿ ಅವಳ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿದರು. ಅದರಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಶಬ್ದ.

ಬಯಾಪ್ಸಿ.

ನನ್ನ ನಾದಿನಿ ಮೊಂತಿಗೆ ಅದೇ ಆದದ್ದು. ಮಂಗಳೂರಿನ ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಎಲ್ಲರೂ ಸ್ವರ ತಗ್ಗಿಸಿ "ಅವಳಿಗೆ ಬಯಾಪ್ಸಿ ಅಂತೆ" ಎನ್ನುತ್ತಿದ್ದರು. ಕ್ರಿಸ್ಮಸ್ಸಿಗೆ ಮೊದಲು ಅವಳನ್ನು ಮಣ್ಣು ಮಾಡಿದೆವು. ಕೆಟ್ಟ ಕಾಯಿಲೆಯ ಹೆಸರು ಬಾಯಲ್ಲಿ ಹೇಳಿದರೆ ಅದು ಮನೆಗೆ ಬರುತ್ತದೆ ಅಂತ ನಮ್ಮಲ್ಲಿ ಹೆದರಿಕೆ. ಹಾಗಾಗಿ ಬಯಾಪ್ಸಿಯೇ ಕಾಯಿಲೆ, ಅದಕ್ಕೆ ಮದ್ದಿಲ್ಲ ಅಂತ ನಾನು ತಿಳಿದದ್ದು. ಗೊತ್ತಿದೆ ಅಂದುಕೊಂಡವಳು ಕೇಳುವುದೆಂತ?

ಮನೆಗೆ ಬಂದು ಅಳಿಯ ವಿಕ್ಟರನ ಹತ್ತಿರ ಹೇಳಿದೆ, "ನನಗೆ ಟಿಕೆಟ್ ಮಾಡಿಸು."

"ಎಂತಕ್ಕೆ ಮಾಮಿ?"

"ಸಾಯಲಿಕ್ಕೆ. ಇಲ್ಲಿ ಸತ್ತರೆ ಹೂಳಲಿಕ್ಕೆ ಇಗರ್ಜಿ ಉಂಟಾ? ನನ್ನ ಹೆಣ ಊರಿಗೆ ಕಳಿಸಲಿಕ್ಕೆ ನೀನು ನಿನ್ನ ಧಣಿ ಆ ಕಫೀಲನ ಬಾಗಿಲು ಕಾಯುವುದು ಬೇಡ. ಕಾಲಿದ್ದಾಗಲೇ ಹೋಗುತ್ತೇನೆ."

ಲಿಲ್ಲಿ ಹೊಟ್ಟೆ ಹಿಡಿದುಕೊಂಡು ಅಡುಗೆ ಕೋಣೆಯಿಂದ ಬಂದಳು. "ಹೆರಿಗೆಗೆ ಬಂದವಳು ನನ್ನನ್ನು ಬಿಟ್ಟು ಹೋಗುವುದಾ? ಇಲ್ಲಿ ನನಗೆ ಯಾರಿದ್ದಾರೆ?"

"ನಾನೆಂತ ಮಾಡಲಿ? ಬಯಾಪ್ಸಿ ಬಂದಾಯ್ತಲ್ಲ. ಡಾಕ್ಟರೇ ಹೇಳಿದ್ದಲ್ವಾ?"

ಅವಳು ನನ್ನನ್ನೇ ನೋಡಿದಳು. ನಕ್ಕಳು. ಆಮೇಲೆ ಕೂತು ಅತ್ತಳು.

"ಅಮ್ಮ, ಬಯಾಪ್ಸಿ ಬರುವುದಲ್ಲ, ಮಾಡುವುದು. ಗಡ್ಡೆಯಿಂದ ಒಂದು ಚೂರು ತೆಗೆದು ಎಂತದ್ದು ಅಂತ ನೋಡುತ್ತಾರೆ. ಅನ್ನ ಬೆಂದಿದೆಯಾ ಅಂತ ನೀನು ಒಂದು ಅಗುಳು ಹಿಚುಕಿ ನೋಡುವುದಿಲ್ವಾ? ಹಾಗೆ."

"ಮತ್ತೆ ಮೊಂತಿಗೆ?"

"ಮೊಂತಿ ಅತ್ತೆಗೆ ಆದದ್ದು ಕ್ಯಾನ್ಸರ್."

ನಮ್ಮ ಮನೆಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. ಗೋಡೆ ಬೀಳಲಿಲ್ಲ.

"ನನಗೂ ಅದೇ ಇರಬಹುದಾ?"

ನರ್ಸ್ ಮಗಳು ಸುಳ್ಳು ಹೇಳಲಿಲ್ಲ. "ಇರಬಹುದು. ಇಲ್ಲದೆಯೂ ಇರಬಹುದು."

ಟಿಕೆಟಿನ ಮಾತು ಬಿಟ್ಟೆ. ಹೆರಿಗೆ ಮುಗಿಸದೆ ಹೋಗುವುದಿಲ್ಲ, ಏನಾದರೂ ಆಗಲಿ ಅಂದೆ. ಕೊರಳು ಕೊಯ್ದು ಚೂರು ತೆಗೆದರು, ಹೊಲಿಗೆ ಹಾಕಿದರು. ನೋವು ತಡೆಯಬಹುದು. ರಿಪೋರ್ಟ್ ಬರುವವರೆಗೆ ಕಾಯುವುದನ್ನು ತಡೆಯಲಿಕ್ಕಾಗುವುದಿಲ್ಲ. ಶಬ್ದದ ಅರ್ಥ ಗೊತ್ತಿಲ್ಲದಾಗ ಸಾವು ಗಟ್ಟಿ ಇತ್ತು, ಮನಸ್ಸು ಒಂದು ಕಡೆ ನಿಂತಿತ್ತು. ಗೊತ್ತಾದ ಮೇಲೆ ಅದು ಎಲ್ಲಿಯೂ ನಿಲ್ಲಲಿಲ್ಲ. ಇಲ್ಲಿ ನಮ್ಮ ಪ್ರಾರ್ಥನೆ ಹೊರಗಿನವರಿಗೆ ಕಾಣಬಾರದು ಅಂತ ಕಿಟಕಿಯ ಪರದೆ ಎಳೆದು ಮೂವರೂ ತೇರ್ಸ ಪ್ರಾರ್ಥನೆ ಮಾಡುತ್ತಿದ್ದೆವು. ನನ್ನ ಬೆರಳು ಮಣಿಯ ಮೇಲೆ ಇರುತ್ತಿತ್ತು, ಲೆಕ್ಕ ತಪ್ಪುತ್ತಿತ್ತು.

ರಿಪೋರ್ಟ್ ಬಂತು.

ಟಿಬಿ. ಗಡ್ಡೆಯ ಟಿಬಿ.

ಈ ಸಲ ನಾನು ಸುಮ್ಮನಿರಲಿಲ್ಲ. ಲಿಲ್ಲಿಯ ಕೈ ಜಗ್ಗಿ, "ಕೇಳು ಅವರ ಹತ್ತಿರ. ಟಿಬಿ ಅಂದರೆ ಕೆಮ್ಮಲ್ವಾ? ನನಗೆ ಕೆಮ್ಮಿಲ್ಲ. ಮಗುವನ್ನು ಮುಟ್ಟಬಹುದಾ?" ಅಂದೆ. ಎಕ್ಸ್‌ರೇ ನೋಡಿ ಡಾಕ್ಟರು ಹೇಳಿದರು: ಶ್ವಾಸಕೋಶದಲ್ಲಿ ಏನೂ ಇಲ್ಲ, ಇದು ಗಡ್ಡೆಯಲ್ಲಿ ಮಾತ್ರ, ಮಗುವಿಗೆ ದಾಟುವುದಿಲ್ಲ. ಮಾತ್ರೆ ಮಾತ್ರ ಒಂದು ದಿನವೂ ಬಿಡಬಾರದು.

ಮಾತ್ರೆ ತಿಂದರೆ ಮೂತ್ರ ಕೆಂಪಾಗುತ್ತದೆ, ಬಾಯಿ ಕಹಿ, ಮೀನಿನ ವಾಸನೆಗೇ ವಾಂತಿ. ಆದರೂ ಹೆಣ್ಣು ಮಗು ಹುಟ್ಟಿದಾಗ ಎಣ್ಣೆ ಹಚ್ಚಿ ಮೀಯಿಸಿದ್ದು ನಾನೇ.

ಮೊನ್ನೆ ಊರಿಗೆ ಕಳಿಸಲಿಕ್ಕೆ ಕ್ಯಾಸೆಟ್ಟಿನಲ್ಲಿ ಮಾತಾಡುವಾಗ ಹೇಳಿದೆ, "ನನಗೆ ಟಿಬಿ. ಕೊರಳ ಗಡ್ಡೆಯದ್ದು. ಮದ್ದು ಉಂಟು."

ವಿಕ್ಟರ್ ಗುಂಡಿ ಒತ್ತಿ ನಿಲ್ಲಿಸಿದ. "ಮಾಮಿ, ಊರಲ್ಲಿ ಹತ್ತು ಜನ ಕೂತು ಕೇಳ್ತಾರೆ ಮಾರಾಯ್ರೆ. ಅದನ್ನು ಅಳಿಸುವಾ."

"ಕೇಳಲಿಕ್ಕೇ ಹೇಳಿದ್ದು. ಒತ್ತು."

ಗಡ್ಡೆ ಸಣ್ಣದಾಗಿದೆ, ಹೋಗಿಲ್ಲ. ದೇವರಿಗೆ ಅರ್ಧ ಥ್ಯಾಂಕ್ಸ್ ಹೇಳಿದ್ದೇನೆ. ಉಳಿದದ್ದು ಮದ್ದು ಮುಗಿದ ಮೇಲೆ.