ಮೂರನೇ ಪ್ಲಾಟ್‌ಫಾರಂಗೆ ಬಿಸಿ ಜಿಲೇಬಿ

ಕನ್ನಡ ಬೇಕು ಅಂತ ಅಪ್ಪಟ ತಮಿಳಿನಲ್ಲಿ ಬೇಡಿಕೊಂಡವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲವಾದರೆ ಈಗ ಕಾಣಿರಿ. ಅಂಥವರು ಮೂರು ಜನ. ಅದರಲ್ಲಿ ಒಬ್ಬಳು ಈ ಅಂಕಣ ಬರೆಯುವ ನಾನು.

ನಗಬೇಡಿ. ಮೊದಲಿಂದ ಹೇಳುತ್ತೇನೆ.

ನಮ್ಮ ಸೇಲಂನಲ್ಲಿ ಒಂದು ಮಿಠಾಯಿ ಅಂಗಡಿ ಇದೆ. ಬೋರ್ಡಿನ ಮೇಲೆ ‘ಪಚ್ಚೈಕ್ಕೊಡಿ ಸ್ವೀಟ್ಸ್’ ಅಂತಿದೆ. ಅಂದರೆ ಹಸಿರು ಬಾವುಟ. ನಮ್ಮ ಬಾಯಲ್ಲಿ ಮಾತ್ರ ಅದು ರೈಲಂಗಡಿ. ಓಮಲೂರಿನಲ್ಲಿ ಒಂದು, ತಾರಮಂಗಲದಲ್ಲಿ ಒಂದು, ಧರ್ಮಪುರಿಯಲ್ಲಿ ಒಂದು ಬ್ರಾಂಚೂ ಇವೆ. ಒಳಗೆ ಕಾಲಿಟ್ಟರೆ ರೈಲು ಡಬ್ಬಿಯಲ್ಲಿದ್ದಂತೆ ಎದುರುಬದುರು ಮರದ ಬೆಂಚು, ಕಿಟಕಿಗೆ ಕಂಬಿ. ಮೊದಲು ತಲೆಯ ಮೇಲೆ ಲಗೇಜ್ ಇಡುವ ಹಲಗೆಯೂ ಇತ್ತು. ಸ್ವೀಟ್ ಕೌಂಟರು ಒಂದನೇ ಪ್ಲಾಟ್‌ಫಾರಂ. ಖಾರದ್ದು ಎರಡನೆಯದು. ಬಾಣಲೆಯಿಂದ ಬಿಸಿಬಿಸಿ ಇಳಿಯುವುದೆಲ್ಲ ಮೂರನೆಯದು. ಬಿಲ್ಲು ಅನ್ನಬಾರದು, ಟಿಕೆಟ್ ಅನ್ನಬೇಕು. (ನಿಜವಾದ ರೈಲಿನಲ್ಲಿ ಕಿಟಕಿ ಸೀಟನ್ನು ಯಾರಿಗೆ ಬೇಕಾದರೂ ಬಿಟ್ಟುಕೊಡುವ ನಮ್ಮ ಯಜಮಾನರು ಇಲ್ಲಿ ಅದಕ್ಕಾಗಿ ಜಗಳವಾಡುತ್ತಾರೆ.)

ಇದನ್ನು ಕಟ್ಟಿದವರು ರಾಮಲಿಂಗಯ್ಯ, ಓಮಲೂರಿನ ಕನ್ನಡದವರು. ಅವರಿಗೆ ರೈಲ್ವೆ ಗಾರ್ಡ್ ಆಗುವ ಆಸೆಯಿತ್ತು. ಕಣ್ಣಿನ ಪರೀಕ್ಷೆಯಲ್ಲಿ ಕೆಂಪು ಯಾವುದು, ಹಸಿರು ಯಾವುದು ಗೊತ್ತಾಗದೆ ಫೇಲಾದರು. “ಅವ್ರ ರೈಲು ಅವ್ರೇ ಮಡಿಕೊಳ್ಳಿ, ನಾನೇ ಒಂದ್ ಕಟ್ಕೋತೀನಿ” ಅಂದರಂತೆ. ಕಟ್ಟಿಕೊಂಡರು. ಹೆಸರಿಟ್ಟದ್ದು ಹಸಿರು ಬಾವುಟ. ಛಲ ಅಂದರೆ ಇದಪ್ಪಾ!

ರೈಲು ಅಂದ ಮೇಲೆ ಅನೌನ್ಸ್‌ಮೆಂಟ್ ಬೇಡವೇ? ಸೇಲಂ ಜಂಕ್ಷನ್ನಿನಲ್ಲಿ ತಮಿಳು, ಇಂಗ್ಲಿಷ್, ಹಿಂದಿ. ರಾಮಲಿಂಗಯ್ಯ ತಮ್ಮ ಅಂಗಡಿಯಲ್ಲಿ ಹಿಂದಿಯ ಜಾಗಕ್ಕೆ ಕನ್ನಡ ಹಾಕಿದರು. ಅದನ್ನು ಹೇಳುವ ಕೆಲಸ ನಮ್ಮ ಚೌಡಮ್ಮನಿಗೆ ಸಿಕ್ಕಿತು. ಚೌಡಮ್ಮ ನನ್ನ ಚಿಕ್ಕಮ್ಮ, ಅಮ್ಮನ ಬೆನ್ನಿಗೆ ಹುಟ್ಟಿದವಳು. ಅವಳ ಗಂಟಲಿಗೆ ಮೈಕು ಬೇಕಾಗಿರಲೇ ಇಲ್ಲ, ಆದರೂ ಕೊಟ್ಟರು.

“ಎಲ್ರೂ ಕೇಳ್ಕೊಳ್ಳಿ ಸಾಮೀ! ಮೂರ್ನೇ ಪ್ಲಾಟ್‌ಫಾರಂಗೆ ಬಿಸಿ ಜಿಲೇಬಿ ಬಂದೈತೆ. ಸೀಕ್ರ ಓಗಿ ಈಸ್ಕೊಳ್ಳಿ. ಆಮೇಲೆ ಇಲ್ಲಾಂದ್ರೆ ನನ್ ಕೇಳಂಗಿಲ್ಲ!”

ಗ್ರಾಂಥಿಕ ಕನ್ನಡ ಅಲ್ಲ. ನಮ್ಮ ಅಡುಗೆಮನೆಯ ಕನ್ನಡ. ಅದು ಸ್ಪೀಕರಿನಿಂದ ಬೀದಿಗೆ ಬೀಳುತ್ತಿತ್ತು! ಸೇಲಂನಲ್ಲಿ ಕನ್ನಡ ಇದೆಯೇ ಅಂತ ಕಾಗದ ಬರೆದು ಕೇಳುವ ಬೆಂಗಳೂರಿನ ಓದುಗರೇ, ಇದೆ. ಬೇಕಾದಷ್ಟಿದೆ. ಆದರೆ ಬಾಗಿಲು ಹಾಕಿಕೊಂಡಿದೆ. ಶಾಲೆಯಲ್ಲಿಲ್ಲ, ಆಫೀಸಿನಲ್ಲಿಲ್ಲ, ಬಸ್ಸಿನ ಬೋರ್ಡಿನ ಮೇಲಿಲ್ಲ. (ನಾನು ಅಕ್ಷರ ಕಲಿತದ್ದು ಕೊಳ್ಳೇಗಾಲದ ಅಜ್ಜಿ ಮನೆಯಲ್ಲಿ. ಹಾಗಾಗಿ ನಿಮಗೆ ಈ ಕಾಟ.) ಊರಿಗೆಲ್ಲ ಮೈಕಿನಲ್ಲಿ ಕನ್ನಡ ಕೇಳಿಸುತ್ತಿದ್ದ ಒಂದೇ ಜಾಗ ಆ ರೈಲಂಗಡಿ.

ರಾಮಲಿಂಗಯ್ಯನವರಿಗೆ ವಯಸ್ಸಾಯಿತು. ಅಂಗಡಿ ಮಾರಿದರು. ಕೊಂಡವರು ಕೊಯಮತ್ತೂರು ಕಡೆಯವರು, ಬಹಳ ಮಾಡರ್ನ್ ಮನುಷ್ಯ. ಬಂದವರೇ ಲಗೇಜ್ ಹಲಗೆ ಕೀಳಿಸಿದರು. ಮೈಸೂರುಪಾಕಿಗೆ ತುಪ್ಪ ಹೋಗಿ ಡಾಲ್ಡಾ ಬಂತು. ಚಿಕ್ಕಮ್ಮನ ಜಾಗಕ್ಕೆ ಕ್ಯಾಸೆಟ್ ಬಂತು. ಅದರಲ್ಲಿ ಮೂಗಿನಲ್ಲಿ ಮಾತಾಡುವ ಒಬ್ಬ ಹುಡುಗಿ, ತಮಿಳು ಒಂದು ಸಲ, ಇಂಗ್ಲಿಷ್ ಒಂದು ಸಲ. ಜಿಲೇಬಿ ಬರಲಿ ಬಿಡಲಿ, ಅವಳು ಬಂದಿದೆ ಅನ್ನುತ್ತಿದ್ದಳು. ಕನ್ನಡ ಕಟ್.

ಚಿಕ್ಕಮ್ಮನನ್ನು ಪ್ಯಾಕಿಂಗಿಗೆ ಹಾಕಿದರು. ಡಬ್ಬಕ್ಕೆ ದಾರ ಕಟ್ಟುವ ಕೆಲಸ.

“ಬಾಯ್ ಕಟ್ಟಾಕಿ ಕೈಗೆ ನೂಲು ಕೊಟ್ಟವ್ರೆ ಕಣವ್ವ” ಅಂದಳು ನನಗೆ. ನಗುತ್ತಲೇ ಅಂದಳು.

ಹೀಗಿರುವಾಗ ಈ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಸುದ್ದಿ ಹಬ್ಬಿತು. ರೈಲಂಗಡಿ ಮತ್ತೆ ಕೈ ಬದಲಾಗುತ್ತದಂತೆ, ಮೂರು ಬ್ರಾಂಚೂ ಸೇರಿ!

ಆಹಾ, ಏನು ಉತ್ಸಾಹ ಅಂತೀರಿ! ಸರಕಾರ ಬದಲಾದಾಗಲೂ ನಮ್ಮ ಬೀದಿ ಇಷ್ಟು ಆಸೆ ಪಟ್ಟಿರಲಿಲ್ಲ. ಹಾಲಿನ ಬೂತಿನಲ್ಲಿ ಅದೇ ಮಾತು, ಎಸ್‌ಟಿಡಿ ಬೂತಿನ ಕ್ಯೂನಲ್ಲೂ ಅದೇ ಮಾತು. ಕೊಳ್ಳುವವರು ಬೆಂಗಳೂರಿನವರು ಅಂತ ಒಬ್ಬರು. ಅಲ್ಲ, ದುಬೈ ಪಾರ್ಟಿ ಅಂತ ಇನ್ನೊಬ್ಬರು. ನಮ್ಮ ಪಕ್ಕದ ಮನೆಯ ಗೋವಿಂದಪ್ಪ ಮಾಮ, ರಿಟೈರಾದ ಬ್ಯಾಂಕ್ ಕ್ಯಾಷಿಯರ್, “ಯಾವನಾರ ಬರ್ಲಿ, ಮೈಸೂರ್‌ಪಾಕಿಗೆ ತುಪ್ಪ ಬಂದ್ರೆ ಸಾಕು” ಅಂದರು. ಅವರ ಹೆಂಡತಿ ಲಕ್ಷ್ಮಕ್ಕನಿಗೆ ಲಗೇಜ್ ಹಲಗೆ ವಾಪಸ್ ಬೇಕು. ಯಾಕೆ ಅಂದರೆ ಕಾರಣವಿಲ್ಲ, ಬೇಕು. ಗಿರಾಕಿಗಳ ಆಸೆಗೆ ಲಾಜಿಕ್ ಎಲ್ಲಿರುತ್ತದೆ?

ನನಗೆ ಬೇಕಾಗಿದ್ದದ್ದು ಒಂದೇ. ಚಿಕ್ಕಮ್ಮನ ಮೈಕು.

ಯಾಕೆಂದರೆ ಚಿಕ್ಕಮ್ಮ ಆಗಲೇ ಗಡುವು ಹಾಕಿದ್ದಳು. “ಈ ಮೂರ್ನೇ ಓನರೂ ಮೈಕ್ ಕೊಡ್ನಿಲ್ಲಾಂದ್ರೆ ದೀಪಾವಳಿ ಆಯ್ತಿದ್ದಂಗೆ ಕೆಲ್ಸ ಬಿಡ್ತೀನಿ. ಮೇಟೂರ್‌ಗೆ ಮಗಳ ಮನೆಗೆ ಓಗ್ತೀನಿ.” ಅವಳು ಹೇಳಿದರೆ ಮಾಡುವವಳು. ಮಗಳ ಮನೆ ಚೆನ್ನಾಗಿಯೇ ಇದೆ. ಆದರೆ ಅಲ್ಲಿ ಅವಳ ಮಾತು ಕೇಳುವವರು ಯಾರು? ಅಳಿಯ ಟಿವಿ ನೋಡುತ್ತಾನೆ.

ಹೊಸ ಓನರ್ ಬಂದರು. ಧರ್ಮಪುರಿ ಕಡೆಯ ಮಾವಿನ ಮಂಡಿಯವರು, ಹೆಸರು ಮಾದೇಶನ್. ನಾವು ಮೂವರು, ಅಂದರೆ ಗೋವಿಂದಪ್ಪ ಮಾಮ, ಲಕ್ಷ್ಮಕ್ಕ, ನಾನು, ಡೆಲಿಗೇಷನ್ ಹೊರಟೆವು. ನೀನೂ ಬಾ ಅಂತ ಚಿಕ್ಕಮ್ಮನನ್ನು ಕರೆದೆ. “ಬಿಕ್ಸೆ ಕೇಳಾಕೆ ನಾನ್ ಬರಕಿಲ್ಲ. ಬೇಕಾರೆ ನೀವೋಗಿ” ಅಂದು ದಾರ ಕಟ್ಟುತ್ತ ಕುಳಿತಳು.

ಮಾದೇಶನ್ ಅವರಿಗೆ ಮೂವತ್ತೈದರ ಆಸುಪಾಸು. ಬಿಳಿ ಷರಟು, ಹಣೆಗೆ ವಿಭೂತಿ, ನೀಟಾದ ತಮಿಳು. ನಾವೇನು ಕಡಿಮೆಯೇ? ನಮ್ಮದೂ ರೇಡಿಯೋದಲ್ಲಿ ನ್ಯೂಸ್ ಓದುವಂಥ ತಮಿಳು. ಗೋವಿಂದಪ್ಪ ಮಾಮನಂತೂ ನಾಲ್ಕು ಮಾತಿಗೊಂದು ಗಾದೆ ಬಿಟ್ಟರು, ಎಲ್ಲವೂ ತಮಿಳಿನವು. ಕನ್ನಡದ ಅನೌನ್ಸ್‌ಮೆಂಟು ಎಷ್ಟು ಮುಖ್ಯ, ಅದು ನಮ್ಮ ಜನರಿಗೆ ಎಷ್ಟು ಹತ್ತಿರ ಅಂತ ನಾನು ತಮಿಳಿನಲ್ಲಿ ಭಾಷಣವೇ ಮಾಡಿದೆ. ಕಣ್ಣಲ್ಲಿ ನೀರು ಕೂಡ ಬಂತು. (ತಮಿಳು ನೀರೋ ಕನ್ನಡ ನೀರೋ ಗೊತ್ತಿಲ್ಲ.)

ಅವರು ಪಾಪ, ಎಲ್ಲ ಕೇಳಿಸಿಕೊಂಡರು. “ಕನ್ನಡಂ ಇಂಗೆ ಯಾರುಕ್ಕಮ್ಮಾ ಪುರಿಯುಂ?” ಅಂದರು. ಕನ್ನಡ ಇಲ್ಲಿ ಯಾರಿಗಮ್ಮ ಅರ್ಥವಾಗುತ್ತದೆ ಅಂತ.

ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು. ಎತ್ತಿದರು.

“ಏನವ್ವಾ... ಉಂಡೆ ಉಂಡೆ... ಎಮ್ಮೆ ಕರಾ ಆಕ್ತಾ? ಎಣ್ಣು ಕರಾನಾ? ಒಳ್ಳೇದಾಯ್ತು ಬುಡು. ಗಿಣ್ಣು ಮಡಗಿರು, ಸಾಯಂಕಾಲ ಬತ್ತೀನಿ. ಯಾರೋ ಬಂದವ್ರೆ, ಅಪ್ಪುರಂ ಮಾತಾಡ್ತೀನಿ.”

ಫೋನ್ ಇಟ್ಟರು.

ಲಕ್ಷ್ಮಕ್ಕ ಮೊದಲು ಬಾಯಿ ಬಿಟ್ಟರು. “ಅಯ್ಯೋ ನಿನ್ ಮನೆ ಕಾಯೋಗ! ನೀನು ನಮ್ಮೋನಾ?”

ಅವರು ಅದಿಯಮಾನ್‌ಕೋಟೆಯವರು. ಮನೆಮಾತು ಕನ್ನಡ. ನಿಜವಾದ ಹೆಸರು ಬರೀ ಮಾದೇಶ. ಆಮೇಲೆ ನಗುವೋ ನಗು. ಅರ್ಧ ಗಂಟೆಯಿಂದ ನಾಲ್ಕು ಜನ ಕನ್ನಡದವರು ಬೆವರು ಸುರಿಸಿ ಕನ್ನಡದ ಬಗ್ಗೆ ತಮಿಳಿನಲ್ಲಿ ಚರ್ಚೆ ಮಾಡಿದ್ದೆವು! ಇದಕ್ಕಿಂತ ತಮಾಷೆ ಏನು ಗೊತ್ತೇ? ನಕ್ಕು ಮುಗಿಸಿ, ಕಾಫಿ ಕುಡಿದು, ಮತ್ತೆ ವ್ಯವಹಾರದ ಮಾತು ಶುರುವಾದಾಗ ನಾಲ್ವರೂ ತಮಿಳಿಗೇ ಹೋಗಿದ್ದೆವು. ಯಾರೂ ಗಮನಿಸಲಿಲ್ಲ.

ಇದಕ್ಕೆ ನನ್ನ ಹತ್ತಿರ ಒಂದು ಥಿಯರಿ ಇದೆ. ನಮ್ಮ ಕಡೆಯವರಿಗೆ ಕನ್ನಡ ನೈಟಿ ಇದ್ದ ಹಾಗೆ. ಮನೆಯಲ್ಲಿ ಅದರಷ್ಟು ಸುಖ ಇನ್ನೊಂದಿಲ್ಲ. ಆದರೆ ಯಾರಾದರೂ ಬಾಗಿಲು ಬಡಿದರೆ ಸಾಕು, ಮೇಲೊಂದು ಟವೆಲ್ ಎಳೆದುಕೊಂಡೇ ಬಿಡುತ್ತೇವೆ. ಆ ಟವೆಲ್ಲೇ ತಮಿಳು.

ಮಾದೇಶ ವ್ಯಾಪಾರಸ್ಥರು. ನಮ್ಮವರು ಅಂತ ಕರಗಲಿಲ್ಲ. “ಅಕ್ಕಾ, ನಂಗೂ ಆಸೆ ಐತೆ. ಆದ್ರೆ ಅಂಗಡಿ ನಡೀಬೇಕಲ್ಲ? ಒಂದ್ ಕೆಲ್ಸ ಮಾಡನಾ. ಬರೋ ಬಾನುವಾರ ಸಾಯಂಕಾಲ ಕ್ಯಾಸೆಟ್ ನಿಲ್ಲಿಸ್ತೀನಿ. ಮೂರ್ನೇ ಪ್ಲಾಟ್‌ಫಾರಂನಾಗೆ ಬಿಸಿ ಜಿಲೇಬಿ, ಓಸಿ. ಅದ್ನ ಚೌಡಮ್ಮ ಕನ್ನಡ್ದಾಗೆ ಮಾತ್ರ ಯೋಳ್ಲಿ. ಜನ ಎದ್ ಬಂದ್ರೆ ಮೈಕ್ ಅವ್ರದೇ. ಬರ್ನಿಲ್ಲಾಂದ್ರೆ ಕ್ಯಾಸೆಟ್. ನೀವ್ ಮೂರ್ ಜನ ಮಾತ್ರ ಏಳಂಗಿಲ್ಲ.”

ಓಸಿ ಜಿಲೇಬಿ! ಅಂದರೆ ಪುಕ್ಕಟೆ. ಭಾನುವಾರ ಸಂಜೆ ರೈಲಂಗಡಿಗೆ ಬರುವವರಲ್ಲಿ ಅರ್ಧ ಜನ ನಮ್ಮವರೇ ಅಂತ ನನಗೆ ಗೊತ್ತಿತ್ತು. ಗೆದ್ದೆವು ಅಂದುಕೊಂಡೆ.

ಭಾನುವಾರ ಬಂತು. ಬೆಂಚು ತುಂಬಾ ಜನ. ಚಿಕ್ಕಮ್ಮ ಇಳಂಪಿಳ್ಳೈ ಮಗ್ಗದ ಸೀರೆ ಉಟ್ಟು, ಕನಕಾಂಬರ ಮುಡಿದು, ಮದುವೆಗೆ ಬಂದವಳಂತೆ ಮೈಕಿನ ಮುಂದೆ ಕುಳಿತಳು.

“ಎಲ್ರೂ ಕೇಳ್ಕೊಳ್ಳಿ ಸಾಮೀ! ಮೂರ್ನೇ ಪ್ಲಾಟ್‌ಫಾರಂಗೆ ಬಿಸಿ ಜಿಲೇಬಿ ಬಂದೈತೆ. ಇವತ್ತು ಓಸಿ! ಓಗಿ ಈಸ್ಕೊಳ್ಳಿ!”

ಯಾರೂ ಏಳಲಿಲ್ಲ.

ಅರ್ಥವಾಗಲಿಲ್ಲ ಅಂದುಕೊಂಡಿರಾ? ನಾನು ಮುಖ ನೋಡುತ್ತಿದ್ದೆ. ಸಫಾರಿ ತೊಟ್ಟ ಒಬ್ಬರ ಕಣ್ಣು ನೇರ ಮೂರನೇ ಪ್ಲಾಟ್‌ಫಾರಂ ಕಡೆಗೆ ಹೋಗಿ ಬಂತು. ಕಾಲು ಹೋಗಲಿಲ್ಲ. ಎರಡು ಬೆಂಚಿನಾಚೆ ಒಬ್ಬಾಕೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಪಕ್ಕದಲ್ಲಿದ್ದ ಪುಟ್ಟ ಹುಡುಗಿ “ಅವ್ವಾ, ಓಸಿ ಜಿಲೇಬಿ ಅಂತೆ, ಬಾ ಓಗಾನ” ಅಂತ ಕೂಗಿಯೇಬಿಟ್ಟಿತು. ತಾಯಿ ಅದರ ತೊಡೆ ಚಿವುಟಿ “ಸುಮ್ಮಾ ಇರುಡೀ” ಅಂದಳು. ಮಗು ಕೇಳಿದ್ದು ಕನ್ನಡದಲ್ಲಿ, ಚಿವುಟಿದ್ದು ತಮಿಳಿನಲ್ಲಿ.

ಅಂಗಡಿಯ ಅರ್ಧ ಜನಕ್ಕೆ ಗೊತ್ತಾಗಿದೆ. ಅರ್ಧ ಜನವೂ ಗೊತ್ತಿಲ್ಲದವರ ಹಾಗೆ ಕುಳಿತಿದ್ದಾರೆ. ಮೊದಲು ಎದ್ದರೆ ಮನೆಮಾತು ಕನ್ನಡ ಅಂತ ಎಲ್ಲರಿಗೂ ತಿಳಿಯುತ್ತದಲ್ಲ! ಎದ್ದು ಕೂಗಿಬಿಡೋಣ ಅನಿಸಿತು ನನಗೆ. ಲಕ್ಷ್ಮಕ್ಕ ಸೆರಗು ಹಿಡಿದು ಎಳೆದರು. ನಾವು ಏಳುವ ಹಾಗಿರಲಿಲ್ಲ. ಮಾದೇಶ ಕ್ಯಾಷ್ ಕೌಂಟರಿನಿಂದ ನನ್ನ ಕಡೆ ನೋಡಿ ತಲೆಯಾಡಿಸಿದರು. ಜಿಲೇಬಿ ತಟ್ಟೆಯ ಮೇಲಿನ ಹಬೆ ಕಡಿಮೆಯಾಗುತ್ತಿತ್ತು.

ಚಿಕ್ಕಮ್ಮನ ಸಿಟ್ಟು ನೆತ್ತಿಗೇರಿತು. “ಏನ್ ಸಾಮೀ, ಎಲ್ರಿಗೂ ಕಿವಿ ಕೆಟ್ಟೋಯ್ತಾ? ಆರೋಯ್ತದೆ ಅಂತೀನಿ! ಮನೇಲಿ ಎಂಡ್ರು ಕರುದ್ರೂ ಇಂಗೇ ಕೂತಿರ್ತೀರಾ?”

ಆಗ ಬಾಗಿಲ ಬಳಿಯ ಬೆಂಚಿನಿಂದ ಒಬ್ಬ ದಪ್ಪ ಮನುಷ್ಯ ದಡಬಡನೆ ಎದ್ದರು. ಬಿಳಿ ವೇಷ್ಟಿ, ಹೆಗಲ ಮೇಲೆ ಟವೆಲ್. “ಅಕ್ಕಾ ವಂದುಟ್ಟಾಂಗಡೀ! ಜಿಲೇಬಿ ವಂದಿರುಕ್ಕಾಂ, ವಾ ವಾ!” ಅಕ್ಕ ಬಂದುಬಿಟ್ಟರು ಕಣೇ, ಜಿಲೇಬಿ ಬಂದಿದೆಯಂತೆ, ಬಾ ಬಾ ಅಂತ ತಮಿಳಿನಲ್ಲಿ ಕೂಗಿ ಹೆಂಡತಿಯನ್ನು ಎಬ್ಬಿಸಿಕೊಂಡು ಮೂರನೇ ಪ್ಲಾಟ್‌ಫಾರಂಗೆ ನಡೆದರು. ದಾರಿಯಲ್ಲಿ ಮೈಕಿನ ಮುಂದೆ ನಿಂತು, ಚಿಕ್ಕಮ್ಮನ ರಾಗದಲ್ಲೇ, “ಅಕ್ಕಾ, ಜಿಲೇಬಿ ಬಂದೈತಾ?” ಅಂದರು.

ಚಿಕ್ಕಮ್ಮ ಬೆರಗಾದಳು. “ನೀವು ಕನ್ನಡದೋರಾ?”

ಅಲ್ಲವಂತೆ. ಅಪ್ಪಟ ತಮಿಳರು, ಓಮಲೂರಿನಲ್ಲಿ ಬೆಲ್ಲದ ಅಂಗಡಿ. ಹಿಂದೆ ಪ್ರತಿ ವಾರ ಸಂತೆಗೆ ಬಂದವರು ಇಲ್ಲಿ ಕುಳಿತು ಇವಳ ಕೂಗು ಕೇಳಿ ಕೇಳಿ ಇಷ್ಟು ಕಲಿತರಂತೆ. “ಕ್ಯಾಸೆಟ್ ಬಂದ ಮೇಲೆ ಬರುವುದನ್ನೇ ಬಿಟ್ಟಿದ್ದೆ ಅಕ್ಕಾ, ಓನರ್ ಬದಲಾಗಿದ್ದಾರೆ ಅಂತ ಕೇಳಿ ಆಸೆಯಿಂದ ಬಂದೆ” ಅಂತ ತಮಿಳಿನಲ್ಲಿ ಹೇಳಿದರು. ಚಿಕ್ಕಮ್ಮ ಮೈಕ್ ಆಫ್ ಮಾಡದೆಯೇ ಮೂಗು ಸುರ್ರೆಂದು ಎಳೆದುಕೊಂಡಳು. ಇಡೀ ಅಂಗಡಿಗೆ ಕೇಳಿಸಿತು.

ಆಮೇಲೆ ನೋಡಬೇಕಿತ್ತು! ಸಫಾರಿಯವರು ಎದ್ದರು. ಚಿವುಟಿದ ತಾಯಿ ಮಗುವನ್ನು ಎಳೆದುಕೊಂಡೇ ಓಡಿದಳು. “ನಂಗೆಲ್ಡು ಆಕಣ್ಣಾ”, “ಲೇ, ತಳ್ಳಬ್ಯಾಡ್ವೋ”, “ನೀವು ನಮ್ಮೋರಾ? ಮೊದ್ಲೇ ಯೋಳಬಾರ್ದಾ?” ಮೂರನೇ ಪ್ಲಾಟ್‌ಫಾರಂ ತುಂಬಾ ಕನ್ನಡವೋ ಕನ್ನಡ. ನಮ್ಮ ಮೂವರಿಗೆ ಒಂದು ಚೂರೂ ಉಳಿಯಲಿಲ್ಲ.

ಮಾದೇಶ ಕ್ಯಾಸೆಟ್ ತೆಗೆದು ಡ್ರಾಯರಿಗೆ ಹಾಕಿದರು. ಚಿಕ್ಕಮ್ಮ ಮೇಟೂರಿಗೆ ಹೋಗುವುದಿಲ್ಲ. ದೀಪಾವಳಿಗೆ ಮಗಳೇ ಇಲ್ಲಿಗೆ ಬರಬೇಕಂತೆ, ಅಮ್ಮನಿಗೆ ಡ್ಯೂಟಿ ಇದೆ.

ಎಲ್ಲ ಸರಿ. ನಮ್ಮ ಮನೆಮಾತಿಗೆ ಮೊದಲು ಎದ್ದು ನಿಂತವರು ತಮಿಳರು. ಹಾಗಾದರೆ ನಾವು ಇಷ್ಟು ದಿನ ಹೆದರಿಕೊಂಡು ಕುಳಿತಿದ್ದದ್ದು ಯಾರಿಗೆ?