ಕಾಶವ್ವ ಒಪ್ಪಿದ ರೆಸ್ಯೂಮೆ

ಇಂದಿಗೂ ರೆಸ್ಯೂಮೆ ತಿದ್ದಲು ಕೂತರೆ ನನಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಮಾರತ್ತಹಳ್ಳಿಯ ನಮ್ಮ ಪೀಜಿಯಲ್ಲಿ ಅಡುಗೆಯ ಕಾಶವ್ವ ಒಪ್ಪದೆ ಯಾವ ಹುಡುಗಿಯ ರೆಸ್ಯೂಮೆಯೂ ಹೊರಗೆ ಹೋಗುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಲೇ ಓದಿಸಿ ಕೇಳುತ್ತಿದ್ದಳು, ದೊಡ್ಡ ದೊಡ್ಡ ಮಾತು ಬಂದರೆ ಕೈ ನಿಲ್ಲಿಸಿ, "ಅಂದ್ರ ನೀ ಏನ್ ಮಾಡಿದಿ? ಅದನ್ನಷ್ಟ ಬರಿಯವಾ," ಎನ್ನುತ್ತಿದ್ದಳು. ಹಾಗೆ ತಿದ್ದಿಯೇ ಎಷ್ಟೋ ಜನ ಕೆಲಸ ಹಿಡಿದೆವು. ಪೀಜಿ ಮುಚ್ಚುವ ವಾರ, ಕಂಪನಿಯೊಂದರ ಕ್ಯಾಂಟೀನಿನವರು ಅವಳಿಗೂ ರೆಸ್ಯೂಮೆ ಕೇಳಿದರು. ನಾವೇ ಬರೆದು ಓದಿದೆವು: ಅಡುಗೆಯಲ್ಲಿ ಒಂಬತ್ತು ವರ್ಷಗಳ ಅನುಭವ. ಕಾಶವ್ವನ ಕೈ ನಿಂತಿತು. "ಒಂಬತ್ತು ಪಗಾರದ್ದವಾ. ತವರಾಗ, ಗಂಡನ ಮನ್ಯಾಗ ಬೇಯಿಸಿದ್ದು ಎಲ್ಲಿ ಹೋತು? ನಲವತ್ತು ಅಂತ ಬರಿ."