ಹೊತ್ತು ಮುಳುಗಿದರೆ ಮುನಿಯುವ ಸರ್ವರ್

ಶೇಡಬಾಳದ ಜಿನಮತಿ ವರ್ಷಗಟ್ಟಲೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಚೀಟಿ ಬರೆದು ಬೆರಳು ಸವೆಸಿದವಳು. ಕಂಪ್ಯೂಟರ್ ಕಲಿತು ಅಲ್ಲಿಯ ಸರ್ವರ್ ಕೋಣೆಗೆ ಬಂದ ಮೇಲೆ ಆ ಕೋಣೆಯೇ ಅವಳ ಜೀವವಾಯಿತು. ತೂಕದ ಕಟ್ಟೆ, ಗೇಟು, ಕಬ್ಬಿನ ಕಚೇರಿ, ಎಲ್ಲ ಕಡೆಯ ಕಂಪ್ಯೂಟರುಗಳೂ ಆ ಒಂದೇ ಸರ್ವರಿಗೆ ಜೋತುಬಿದ್ದಿದ್ದವು. ತೊಂಬತ್ತೆಂಟರ ಹಂಗಾಮಿನಲ್ಲಿ ಅದಕ್ಕೊಂದು ಚಾಳಿ ಹತ್ತಿತು. ಹಗಲೆಲ್ಲ ಸುಮ್ಮನೆ ದುಡಿಯುವ ಯಂತ್ರ ಹೊತ್ತು ಮುಳುಗಿತೋ ಇಲ್ಲವೋ, ಯಾರಿಗೂ ಹೊಸ ಸಂಪರ್ಕ ಕೊಡುತ್ತಿರಲಿಲ್ಲ. ಹೊರಗೆ ಗಾಡಿಗಳ ಸಾಲು, ಒಳಗೆ ಬೈಗುಳ. ಇನ್ನೊಮ್ಮೆ ನಿಂತರೆ ಕೋಣೆಗೆ ಬೀಗ ಹಾಕಿ ಹಳೇ ಚೀಟಿಗೇ ಮರಳುತ್ತೇವೆಂದು ಮ್ಯಾನೇಜರ್ ವಿರುಪಾಕ್ಷಪ್ಪ ಖಡಾಖಂಡಿತ ಹೇಳಿಬಿಟ್ಟರು.

ಒಮ್ಮೆಗೆ ಎಷ್ಟು ಸಂಪರ್ಕ ಇರಬಹುದೆಂಬ ಮಿತಿಯನ್ನು ಅವಳು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಏರಿಸಿ ನೋಡಿದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಯಂತ್ರಕ್ಕೂ ಸಲ್ಲುವ ಮಾತು. ಮೆಮೊರಿ ಸಾಲದೆ ಅದು ಪೂರ್ತಿ ಕೂತೇಬಿಟ್ಟಿತು.

ಗುಟ್ಟು ಸಿಕ್ಕಿದ್ದು ಅವಳ ಕೈಯಿಂದಲೇ. ಒಂದು ಸಂಜೆ ಊಟಕ್ಕೆ ಏಳುವಾಗ, ದೀಪ ಆರಿಸಿದಂತೆ, ತನ್ನ ಕಂಪ್ಯೂಟರಿನ ಗುಂಡಿಯನ್ನು ಪಟ್ಟನೆ ಒತ್ತಿ ನಿಲ್ಲಿಸಿದಳು. ಅಯ್ಯ, ಇದೇನಾ ವಿಷಯ! ಅವಳೂ ಸೇರಿ ಅಲ್ಲಿದ್ದವರಲ್ಲಿ ಬಹಳಷ್ಟು ಜನ ಜೈನರು; ಕತ್ತಲಾದ ಮೇಲೆ ಉಣ್ಣುವಂತಿಲ್ಲ. ಹೊತ್ತು ಇಳಿಯುತ್ತಲೇ ಎಲ್ಲರೂ ಹೀಗೇ ಗುಂಡಿ ಒತ್ತಿ ಡಬ್ಬಿ ಬಿಚ್ಚುತ್ತಿದ್ದರು, ಉಂಡು ಬಂದು ಹೊಸದಾಗಿ ಸೇರುತ್ತಿದ್ದರು. ಹೋಗುತ್ತೇವೆಂದು ಯಾರೂ ತಿಳಿಸದ್ದರಿಂದ ಸರ್ವರ್ ಮಾತ್ರ, ಪಾಪ, ಎದ್ದುಹೋದವರು ಇನ್ನೂ ಇದ್ದಾರೆಂದು ಹಳೇ ಸಂಪರ್ಕವನ್ನು ಎರಡು ತಾಸು ಹಿಡಿದು ಕಾಯುತ್ತಿತ್ತು. ಉಂಡೆದ್ದವರ ಎಲೆ ತೆಗೆಯದಿದ್ದರೆ ಮುಂದಿನ ಪಂಕ್ತಿ ಎಲ್ಲಿ ಕೂರಬೇಕು?

ಕಂಪ್ಯೂಟರನ್ನು ಸರಿಯಾಗಿ ಮುಚ್ಚಿ ಏಳಿರೆಂದು ಎಲ್ಲರಿಗೂ ಹೇಳಿದಳು. ತೂಕದ ಕಟ್ಟೆಯ ಭೀಮಗೊಂಡ, “ಅದು ಮುಚ್ಚೂತನಕಾ ಸೂರ್ಯ ಕಾಯ್ತಾನೇನ್ರಿ ಅಕ್ಕಾರ?” ಎಂದ. ಅದೂ ನಿಜವೇ. ಜನರನ್ನು ತಿದ್ದುವುದಕ್ಕಿಂತ ಯಂತ್ರವನ್ನು ತಿದ್ದುವುದೇ ಸಲೀಸು ಎಂದುಕೊಂಡು, ಉತ್ತರ ಕೊಡದ ಸಂಪರ್ಕವನ್ನು ಕೆಲವೇ ನಿಮಿಷದಲ್ಲಿ ಕಡಿಯುವಂತೆ ಹೊಂದಿಸಿದಳು. ಮಿತಿಯನ್ನು ಮೆಮೊರಿ ತಾಳುವಷ್ಟಕ್ಕೇ ಇಳಿಸಿದಳು. ಒಟ್ಟಿಗೆ ನುಗ್ಗುವವರು ಕಾಯುವ ಸಾಲನ್ನೂ ಉದ್ದ ಮಾಡಿದಳು.

ಮರುದಿನ ಸಂಜೆ ವಿರುಪಾಕ್ಷಪ್ಪ ಬೀಗ ಹಿಡಿದೇ ಬಂದು ಕೂತರು. ಜಿನಮತಿಯ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಎಲ್ಲರೂ ಎದ್ದರು, ಉಂಡರು, ಒಮ್ಮೆಗೇ ಮರಳಿದರು. ಹಳೇ ಸಂಪರ್ಕಗಳು ಒಂದೊಂದಾಗಿ ಉದುರಿ, ಹೊಸವು ಬಂದು ಕೂತವು. ಗಾಡಿ ಒಂದೂ ನಿಲ್ಲಲಿಲ್ಲ. ವಿರುಪಾಕ್ಷಪ್ಪ ಬೀಗವನ್ನು ಜೇಬಿಗಿಳಿಸಿ, ನಿಮ್ಮದು ಊಟ ಆಯಿತೇ ಎಂದು ಕೇಳಿದರು.

ಜಿನಮತಿ ಕಿಟಕಿಯತ್ತ ನೋಡಿದಳು. ಹೊರಗೆ ಕತ್ತಲು. ಮೇಜಿನ ಮೇಲೆ ಡಬ್ಬಿ ಕಟ್ಟಿದಂತೆಯೇ ಇತ್ತು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಅವಳಿಗೆ ನಗು ತಡೆಯಲಾಗಲಿಲ್ಲ.

“ನಂದು ಇನ್ನ ನಾಳೆ ಮುಂಜಾನೇರಿ ಸಾಹೇಬ್ರ,” ಎಂದಳು. “ಇವತ್ತ ಎಲ್ಲಾರೂ ಉಂಡು ಬಂದ್ರಲ್ಲ, ಸಾಕ್ರಿ.”